ಜಕ್ಕೂರಿನ ಆಕಾಶ ಮತ್ತು ಪುಟ್ಟ ವಿಮಾನಗಳ ಅಪಘಾತ

ಸಹಕಾರನಗರದ ನಮ್ಮ ಮನೆಯ ತಾರಸಿಯಲ್ಲಿ ನಿಂತರೆ ಜಕ್ಕೂರು ಮೈದಾನದಿಂದ ಮೇಲೇರುವ ತರಬೇತಿ ವಿಮಾನಗಳು ಬರಿಗಣ್ಣಿಗೇ ಚೆನ್ನಾಗಿ ಕಾಣುತ್ತವೆ. ಬೆಳಿಗ್ಗೆ ಕುಂಡಗಳಿಗೆ ನೀರು ಹಾಕುವಾಗ ಆ ಸದ್ದು ಕೇಳಿಸಿತೆಂದರೆ ಪಕ್ಕದ ಮನೆಯ ರಾಯರು ತಲೆಯೆತ್ತಿ ನೋಡಿ ಒಂದೇ ಪ್ರಶ್ನೆ ಕೇಳುತ್ತಾರೆ: "ಅಲ್ಲಾ ಸ್ವಾಮಿ, ನೀವು ಅದನ್ನು ಓಡಿಸಿದವರು, ಹೇಳಿ. ಅಷ್ಟು ಮೇಲೆ ಹೋದಾಗ ಎಂಜಿನ್ ಬಂದ್ ಆಗಿಬಿಟ್ಟರೆ ಕಲ್ಲು ಬಿದ್ದ ಹಾಗೆ ಬೀಳುವುದಿಲ್ಲವೇ?" ಬೀಳುವುದಿಲ್ಲ ಎಂದು ನಾನು ಹಲವು ಸಲ ಹೇಳಿದ್ದೇನೆ. ಸೆಸ್ನಾ 172ರಂತಹ ಸಾಧಾರಣ ವಿಮಾನದ ಎಂಜಿನ್ ಪೂರ್ತಿ ನಿಂತರೂ, ವೇಗವನ್ನು ಸರಿಯಾಗಿ ಕಾಯ್ದುಕೊಂಡರೆ ಅದು ಒಂದು ಅಡಿ ಇಳಿಯುವಷ್ಟರಲ್ಲಿ ಸುಮಾರು ಒಂಬತ್ತು ಅಡಿ ಮುಂದಕ್ಕೆ ತೇಲುತ್ತದೆ. ನೆಲದಿಂದ ಸಾವಿರ ಅಡಿ ಮೇಲಿದ್ದರೆ ಎರಡೂವರೆ ಕಿಲೋಮೀಟರ್ ದೂರದವರೆಗೆ ಇಳಿಯಲು ಜಾಗ ಹುಡುಕುವ ಅವಕಾಶ ಪೈಲಟ್‌ನ ಕೈಯಲ್ಲಿರುತ್ತದೆ. ರಾಯರಿಗೆ ಈ ಉತ್ತರದಿಂದ ಸಮಾಧಾನವಾದಂತೆ ಕಾಣುವುದಿಲ್ಲ.

ಅವರ ಆತಂಕಕ್ಕೆ ಕಾರಣವಿದೆ. 2004ರ ಏಪ್ರಿಲ್ 17ರಂದು ನಟಿ ಸೌಂದರ್ಯ ಅವರು ಚುನಾವಣಾ ಪ್ರಚಾರಕ್ಕೆಂದು ಹೊರಟಿದ್ದ ಸೆಸ್ನಾ 180 ವಿಮಾನವು ಜಕ್ಕೂರಿನಿಂದ ಮೇಲೇರಿದ ಕೆಲವೇ ಕ್ಷಣಗಳಲ್ಲಿ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದಲ್ಲಿ ಬಿದ್ದು ಹೊತ್ತಿ ಉರಿಯಿತು. ಅವರ ಅಣ್ಣನೂ ಸೇರಿ ಅದರಲ್ಲಿದ್ದ ನಾಲ್ವರೂ ತೀರಿಕೊಂಡರು. ಈ ಭಾಗದ ಹಳಬರಿಗೆ ಸಣ್ಣ ವಿಮಾನವೆಂದರೆ ಇಂದಿಗೂ ಆ ಬೆಳಗು ನೆನಪಾಗುತ್ತದೆ. ಆದರೆ ಸಣ್ಣ ವಿಮಾನಗಳ ಅಪಘಾತಗಳನ್ನು ಒಟ್ಟಾಗಿ ನೋಡಿದಾಗ ರಾಯರ ಪ್ರಶ್ನೆಗೆ ಸಿಗುವ ಉತ್ತರ ಬೇರೆಯೇ. ಖಾಸಗಿ ವಿಮಾನಗಳು ಅತಿ ಹೆಚ್ಚು ಹಾರಾಡುವ ಅಮೆರಿಕದಲ್ಲಿ ದಶಕಗಳಿಂದ ಕಲೆಹಾಕಿರುವ ಲೆಕ್ಕದಂತೆ, ಇಂತಹ ಅಪಘಾತಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣ ಪೈಲಟ್‌ನ ನಿರ್ಧಾರ ಅಥವಾ ಕೈತಪ್ಪು. ಯಂತ್ರ ಕೆಟ್ಟು ಬಿದ್ದ ವಿಮಾನಗಳಿಗಿಂತ ಚೆನ್ನಾಗಿಯೇ ಓಡುತ್ತಿದ್ದು ಬಿದ್ದ ವಿಮಾನಗಳು ಬಹಳ ಹೆಚ್ಚು. ನೂರು ಚಿಲ್ಲರೆ ಗಂಟೆ ಮಾತ್ರ ಹಾರಿರುವ ಹವ್ಯಾಸಿ ಪೈಲಟ್ ನಾನು, ತನಿಖಾಧಿಕಾರಿಯೇನೂ ಅಲ್ಲ. ಆದರೂ ಅಪಘಾತ ವರದಿಗಳನ್ನು ಓದುವುದು ವರ್ಷಗಳಿಂದ ನನಗೆ ರೂಢಿಯಾಗಿದೆ, ಮತ್ತು ಅವುಗಳಲ್ಲಿ ಅದೇ ಐದಾರು ಕಥೆಗಳು ಹೆಸರು, ಊರು ಬದಲಿಸಿಕೊಂಡು ಮರಳಿ ಮರಳಿ ಬರುವುದನ್ನು ಕಂಡು ನೊಂದಿದ್ದೇನೆ.

ಮೊದಲನೆಯ ಕಥೆ ಸ್ಟಾಲ್‌ನದು. ಈ ಪದವನ್ನು ಕೇಳಿದವರು ಎಂಜಿನ್ ನಿಲ್ಲುವುದೆಂದೇ ಭಾವಿಸುತ್ತಾರೆ, ಏಕೆಂದರೆ ಕಾರಿನ ವಿಷಯದಲ್ಲಿ ಅದಕ್ಕೆ ಅದೇ ಅರ್ಥ. ವಿಮಾನದಲ್ಲಿ ಸ್ಟಾಲ್ ಆಗುವುದು ರೆಕ್ಕೆ. ಆಷಾಢದಲ್ಲಿ ಗಾಳಿಪಟ ಕಟ್ಟಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಸೂತ್ರ ಸರಿಯಾಗಿದ್ದರೆ ಪಟ ಗಾಳಿಗೆ ಹದವಾದ ಓರೆಯಲ್ಲಿ ನಿಂತು ಏರುತ್ತದೆ, ಸೂತ್ರ ತಪ್ಪಿ ಓರೆ ಹೆಚ್ಚಾದರೆ ಎಷ್ಟು ಎಳೆದರೂ ಏರದೆ ಗಿರಕಿ ಹೊಡೆದು ಕೆಳಗೆ ಬರುತ್ತದೆ. ರೆಕ್ಕೆಯೂ ಹಾಗೆಯೇ, ಎದುರಿನ ಗಾಳಿಗೆ ಸುಮಾರು 15ರಿಂದ 17 ಡಿಗ್ರಿಗಿಂತ ಹೆಚ್ಚು ಓರೆಯಾದರೆ ಅದರ ಮೇಲ್ಮೈಯನ್ನು ಅಪ್ಪಿಕೊಂಡು ಹರಿಯುತ್ತಿದ್ದ ಗಾಳಿ ಕಿತ್ತುಹೋಗಿ, ವಿಮಾನವನ್ನು ಎತ್ತಿಹಿಡಿದ ಬಲ ಒಮ್ಮೆಲೇ ಕುಸಿಯುತ್ತದೆ. ಎತ್ತರದಲ್ಲಿದ್ದಾಗ ಇದು ದೊಡ್ಡ ಸಂಗತಿಯಲ್ಲ, ಮೂತಿಯನ್ನು ಸ್ವಲ್ಪ ಕೆಳಗಿಳಿಸಿದರೆ ರೆಕ್ಕೆ ಮತ್ತೆ ಜೀವ ಪಡೆಯುತ್ತದೆ, ಪ್ರತಿ ವಿದ್ಯಾರ್ಥಿಯೂ ಇದನ್ನು ಹತ್ತಾರು ಸಲ ಅಭ್ಯಾಸ ಮಾಡಿರುತ್ತಾನೆ. ಕೊಲ್ಲುವ ಸ್ಟಾಲ್ ನಡೆಯುವುದು ನೆಲದಿಂದ ಐನೂರು ಅಡಿಯೊಳಗೆ, ರನ್‌ವೇ ಕಣ್ಣೆದುರಿಗೇ ಇರುವಾಗ.

ಅದು ನಡೆಯುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಇಳಿಯಲು ಬರುವ ವಿಮಾನ ರನ್‌ವೇಗೆ ಅಡ್ಡಲಾಗಿ ಸಾಗಿ, ಕೊನೆಯ ತಿರುವನ್ನು ತೆಗೆದುಕೊಂಡು ಅದರ ನೇರಕ್ಕೆ ಬರಬೇಕು. ಹಿಂದಿನಿಂದ ಗಾಳಿ ದೂಡುತ್ತಿದ್ದರೆ ತಿರುವು ತಡವಾಗಿ ರನ್‌ವೇಯ ನೇರ ದಾಟಿಹೋಗುತ್ತದೆ. ಆಗ ಮಾಡಬೇಕಾದದ್ದು ಒಂದೇ: ಪೂರ್ತಿ ಶಕ್ತಿ ಕೊಟ್ಟು ಮೇಲೇರಿ, ಇನ್ನೊಂದು ಸುತ್ತು ಹಾಕಿ ಬರುವುದು. ಆದರೆ ದಾಟಿಹೋದದ್ದನ್ನು ಹೇಗಾದರೂ ಸರಿಪಡಿಸಿಕೊಳ್ಳಬೇಕೆಂಬ ಆಸೆ ಬಲವಾದದ್ದು. ನೆಲ ಹತ್ತಿರವಿರುವುದರಿಂದ ಹೆಚ್ಚು ವಾಲಿಸಲು ಹೆದರುವ ಪೈಲಟ್, ತನಗರಿವಿಲ್ಲದೆಯೇ ತಿರುವಿನ ಒಳಬದಿಯ ರಡರ್ ಪೆಡಲನ್ನು (ಬಾಲದ ಫಲಕವನ್ನು ತಿರುಗಿಸಿ ಮೂತಿಯನ್ನು ಎಡಬಲಕ್ಕೆ ಹೊರಳಿಸುವ ಪೆಡಲ್) ಒತ್ತಿ ಮೂತಿಯನ್ನು ರನ್‌ವೇಯ ಕಡೆಗೆ ಎಳೆದುಕೊಳ್ಳುತ್ತಾನೆ. ಮೂತಿ ಕೆಳಗೆ ಬಾಗಿದಂತೆ ಕಂಡಾಗ ಅದನ್ನು ಎತ್ತಲು ಸ್ಟಿಕ್ ಎಂಬ ನಿಯಂತ್ರಣದ ಹಿಡಿಯನ್ನು ಹಿಂದಕ್ಕೆಳೆಯುತ್ತಾನೆ. ತಿರುವಿನಲ್ಲಿ ಸ್ಟಾಲ್ ವೇಗವೇ ಹೆಚ್ಚಿರುತ್ತದೆ. ನೇರ ಹಾರಾಟದಲ್ಲಿ 50 ನಾಟ್‌ಗೆ (ಗಂಟೆಗೆ ಸುಮಾರು 93 ಕಿಲೋಮೀಟರ್) ಸ್ಟಾಲ್ ಆಗುವ ವಿಮಾನ, ಎತ್ತರ ಕಳೆದುಕೊಳ್ಳದೆ 45 ಡಿಗ್ರಿ ವಾಲಿದಾಗ ಸುಮಾರು 60 ನಾಟ್‌ಗೆ, 60 ಡಿಗ್ರಿ ವಾಲಿದಾಗ ಸುಮಾರು 70 ನಾಟ್‌ಗೆ ಸ್ಟಾಲ್ ಆಗುತ್ತದೆ. ಒಳಬದಿಯ ರೆಕ್ಕೆ ಮೊದಲು ಸೋತು, ವಿಮಾನ ಆ ಕಡೆಗೆ ಮಗುಚಿ ಸ್ಪಿನ್‌ಗೆ, ಅಂದರೆ ಗಿರಕಿ ಹೊಡೆಯುತ್ತಾ ಕೆಳಗಿಳಿಯುವ ಸ್ಥಿತಿಗೆ, ಬೀಳುತ್ತದೆ. ಅದರಿಂದ ಹೊರಬರುವ ವಿಧಾನ ಗೊತ್ತಿದ್ದರೂ ಅದಕ್ಕೆ ಬೇಕಾದಷ್ಟು ಎತ್ತರ ಅಲ್ಲಿರುವುದಿಲ್ಲ. ಎಂಜಿನ್ ಆ ಕ್ಷಣದವರೆಗೂ ಸರಿಯಾಗಿಯೇ ಓಡುತ್ತಿರುತ್ತದೆ. ಅಮೆರಿಕದ ತನಿಖಾ ಮಂಡಳಿಯು ಸಾವು ತರುವ ಸಣ್ಣ ವಿಮಾನ ಅಪಘಾತಗಳಿಗೆ ಮೊದಲ ಕಾರಣವೆಂದು ಗುರುತಿಸಿರುವುದು ಹಾರಾಟದಲ್ಲಿ ನಿಯಂತ್ರಣ ಕಳೆದುಕೊಳ್ಳುವುದನ್ನೇ, ಮತ್ತು ಅದರಲ್ಲಿ ಇಂತಹ ಸ್ಟಾಲ್‌ಗಳ ಪಾಲು ದೊಡ್ಡದು.

ಬೆಂಗಳೂರಿನವರು ವಿಶೇಷವಾಗಿ ತಿಳಿದಿರಬೇಕಾದ ಸಂಗತಿಯೆಂದರೆ ನಮ್ಮ ಊರಿನ ಎತ್ತರ. ನಾವು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಮೇಲೆ ಬದುಕುತ್ತಿದ್ದೇವೆ. ನಮ್ಮ ಹವೆ ಹಿತವಾಗಿರುವುದಕ್ಕೆ ಈ ಎತ್ತರವೇ ಕಾರಣ, ಆದರೆ ವಿಮಾನದ ಪಾಲಿಗೆ ಅದು ತೆಳುವಾದ ಗಾಳಿ. ಬಿಸಿಲೇರಿದಾಗ ಆ ಗಾಳಿ ಇನ್ನಷ್ಟು ತೆಳುವಾಗುತ್ತದೆ. ಇಲ್ಲಿನ ಗಾಳಿ ಎಷ್ಟು ಎತ್ತರದ ಗಾಳಿಯಷ್ಟು ತೆಳುವಾಗಿದೆ ಎಂಬ ಲೆಕ್ಕ ಕಷ್ಟದ್ದೇನಲ್ಲ. ಈ ಎತ್ತರದಲ್ಲಿ ಪ್ರಮಾಣಿತ ಉಷ್ಣತೆ 9 ಡಿಗ್ರಿ. ಅದಕ್ಕಿಂತ ಹೆಚ್ಚಾಗುವ ಪ್ರತಿ ಡಿಗ್ರಿಗೆ ಊರಿನ ಎತ್ತರಕ್ಕೆ ಸುಮಾರು 120 ಅಡಿ ಸೇರಿಸಬೇಕು. ಏಪ್ರಿಲ್ ಮಧ್ಯಾಹ್ನ 35 ಡಿಗ್ರಿ ಇದ್ದರೆ ಉತ್ತರ 6000 ಅಡಿ ದಾಟುತ್ತದೆ. ಅಂದರೆ ವಿಮಾನ ನಿಂತಿರುವುದು ಜಕ್ಕೂರಿನಲ್ಲೇ ಆದರೂ ಅದರ ರೆಕ್ಕೆ, ಪ್ರೊಪೆಲ್ಲರ್, ಎಂಜಿನ್ ಮೂರೂ ನಂದಿಬೆಟ್ಟದ ತುದಿಗಿಂತ ಮೇಲಿರುವಂತೆ ವರ್ತಿಸುತ್ತವೆ. ಗಾಳಿಯನ್ನು ಒತ್ತಿ ತುಂಬುವ ಟರ್ಬೋಚಾರ್ಜರ್ ಇಲ್ಲದ ಎಂಜಿನ್ ಪ್ರತಿ ಸಾವಿರ ಅಡಿಗೆ ಸರಿಸುಮಾರು ಶೇಕಡಾ 3ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಸಮುದ್ರಮಟ್ಟದಲ್ಲಿ ನೆಲ ಬಿಡಲು ಬೇಕಾಗುವ ಓಟ ಇಲ್ಲಿ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ.

ಇದರ ಮೇಲೆ ತೂಕ ಸೇರಿದರೆ ಅಪಾಯ ಪೂರ್ಣವಾಗುತ್ತದೆ. ನಾಲ್ಕು ಸೀಟುಗಳಿರುವುದರಿಂದ ನಾಲ್ವರು ಕೂರಬಹುದು, ಟ್ಯಾಂಕ್ ಇರುವುದರಿಂದ ತುಂಬಿಸಬಹುದು, ಹಿಂದೆ ಜಾಗವಿರುವುದರಿಂದ ಸೂಟ್‌ಕೇಸ್ ಇಡಬಹುದು ಎಂಬ ತರ್ಕ ಕಾರಿಗೆ ಸರಿ. ನಾಲ್ಕು ಸೀಟಿನ ಬಹುತೇಕ ಸಣ್ಣ ವಿಮಾನಗಳು ಈ ಮೂರನ್ನೂ ಒಟ್ಟಿಗೆ ಹೊರಲಾರವು. ತೂಕ ಮಿತಿಯೊಳಗೇ ಇದ್ದರೂ ಅದು ತೀರ ಹಿಂದಕ್ಕೆ ಬಿದ್ದಿದ್ದರೆ ಮೂತಿ ತಾನಾಗಿಯೇ ಮೇಲಕ್ಕೆ ಏಳತೊಡಗುತ್ತದೆ. ಭಾರವಾದ ವಿಮಾನ ಬಿಸಿ ಮಧ್ಯಾಹ್ನ ರನ್‌ವೇಯ ಕೊನೆಯಲ್ಲಿ ಹೇಗೋ ನೆಲ ಬಿಡುತ್ತದೆ, ಏಕೆಂದರೆ ನೆಲಕ್ಕೆ ತೀರ ಹತ್ತಿರವಿದ್ದಾಗ ರೆಕ್ಕೆಗೆ ಸ್ವಲ್ಪ ಹೆಚ್ಚಿನ ಆಸರೆ ಸಿಗುತ್ತದೆ. ಇಪ್ಪತ್ತು ಮೂವತ್ತು ಅಡಿ ಏರಿದ ಮೇಲೆ ಆ ಆಸರೆ ತಪ್ಪಿ, ಮುಂದೆ ಮರಗಳೂ ವಿದ್ಯುತ್ ತಂತಿಗಳೂ ಕಾಣಿಸಿ, ಪೈಲಟ್ ಮೂತಿಯನ್ನು ಇನ್ನಷ್ಟು ಎತ್ತುತ್ತಾನೆ. ಅಲ್ಲಿಂದ ಮುಂದಿನದು ಮೇಲೆ ಹೇಳಿದ ಸ್ಟಾಲ್‌ನ ಕಥೆಯೇ. ನನಗೆ ಕಲಿಸಿದ ಬೋಧಕರು ವಾಯುಪಡೆಯಿಂದ ನಿವೃತ್ತರಾದವರು. ಏಪ್ರಿಲ್, ಮೇ ತಿಂಗಳಲ್ಲಿ ಹನ್ನೊಂದು ಗಂಟೆಯ ನಂತರ ವಿದ್ಯಾರ್ಥಿಯನ್ನು ಒಂಟಿಯಾಗಿ ಬಿಡಲು ಅವರು ಒಪ್ಪುತ್ತಲೇ ಇರಲಿಲ್ಲ, ಎಷ್ಟು ಕೇಳಿಕೊಂಡರೂ ಅಷ್ಟೇ. ಆಗ ಅದು ಹಟವೆಂದು ತೋರಿತ್ತು.

ಅವರ ಕೈಕೆಳಗೆ ಕಲಿಯುತ್ತಿದ್ದಾಗಲೇ ನಡೆದ ಒಂದು ಘಟನೆಯನ್ನು ಇಲ್ಲಿ ಹೇಳಬೇಕು. ಹಿಂದಿನ ರಾತ್ರಿ ಜೋರು ಮಳೆಯಾಗಿತ್ತು. ವಿಮಾನ ಬಯಲಲ್ಲೇ ನಿಂತಿತ್ತು. ಹಾರುವ ಮೊದಲು ರೆಕ್ಕೆಯ ಅಡಿಯ ಪುಟ್ಟ ವಾಲ್ವ್‌ನಿಂದ ಪಾರದರ್ಶಕ ಕಪ್ಪಿಗೆ ಸ್ವಲ್ಪ ಇಂಧನ ಬಸಿದು ನೋಡುವುದು ಕಡ್ಡಾಯ. ಈ ಎಂಜಿನ್‌ಗಳಿಗೆ ಬಳಸುವ ಪೆಟ್ರೋಲಿಗೆ ಗುರುತಿಗಾಗಿ ತಿಳಿ ನೀಲಿ ಬಣ್ಣ ಹಾಕಿರುತ್ತಾರೆ; ನೀರು ಅದಕ್ಕಿಂತ ಭಾರವಾದ್ದರಿಂದ ತಳದಲ್ಲಿ ಕೂರುತ್ತದೆ, ಎರಡರ ನಡುವೆ ಗೆರೆ ಎಳೆದಂತೆ ಕಾಣುತ್ತದೆ. ನಾನು ಬಸಿದ ಕಪ್ಪಿನಲ್ಲಿ ಗೆರೆ ಇರಲಿಲ್ಲ. ಮಳೆ ತೊಳೆದ ಆಕಾಶದ ಎದುರು ಎತ್ತಿ ಹಿಡಿದೆ, ನೀಲಿಯಾಗಿಯೇ ಕಂಡಿತು. "ಸರಿಯಾಗಿದೆ ಸರ್" ಎಂದೆ. ಅವರು ಕಪ್ಪನ್ನು ನನ್ನ ಕೈಯಿಂದ ತೆಗೆದುಕೊಂಡು ಬಿಳಿ ರೆಕ್ಕೆಯ ಎದುರು ಹಿಡಿದರು. ನಂತರ ಅದರಿಂದ ನಾಲ್ಕು ಹನಿಗಳನ್ನು ನನ್ನ ಅಂಗೈಗೆ ಸುರಿದು ಸುಮ್ಮನೆ ನಿಂತರು. ಪೆಟ್ರೋಲ್ ಆಗಿದ್ದರೆ ಅಂಗೈ ತಣ್ಣಗಾಗಿ ಕ್ಷಣದಲ್ಲಿ ಆರಬೇಕಿತ್ತು, ಮೂಗಿಗೆ ವಾಸನೆ ಬಡಿಯಬೇಕಿತ್ತು. ಹನಿಗಳು ಹಾಗೆಯೇ ನಿಂತಿದ್ದವು. ಕಪ್ಪಿನಲ್ಲಿದ್ದದ್ದು ಪೂರ್ತಿ ನೀರು. ನಾನು ನೋಡಿದ ನೀಲಿ ಆಕಾಶದ್ದು.

ನಾಲ್ಕನೆಯ ಕಪ್ಪಿನಲ್ಲಿ ತಳದಲ್ಲಿ ನೀರು, ಮೇಲೆ ನೀಲಿ ಪದರ ಕಾಣಿಸಿತು; ಏಳನೆಯದು ಶುದ್ಧವಾಗಿತ್ತು. ಮೆಕ್ಯಾನಿಕ್ ಏಣಿ ಹಾಕಿ ಟ್ಯಾಂಕಿನ ಮುಚ್ಚಳ ತೆಗೆದು ನೋಡಿದಾಗ ಅದರ ರಬ್ಬರ್ ವಾಷರ್ ಒಣಗಿ ಬಿರಿದಿತ್ತು. ಹತ್ತು ರೂಪಾಯಿಯೂ ಬಾಳದ ವಸ್ತು ಅದು. ಅಂದು ನಾನೊಬ್ಬನೇ ಹೊರಟಿದ್ದರೆ ಎಂಜಿನ್ ಪೈಪಿನಲ್ಲಿ ಉಳಿದಿದ್ದ ಪೆಟ್ರೋಲಿನಲ್ಲಿ ಚೆನ್ನಾಗಿ ಸ್ಟಾರ್ಟ್ ಆಗಿ, ರನ್‌ವೇಯವರೆಗೂ ಓಡಿ, ನೆಲ ಬಿಟ್ಟ ಸ್ವಲ್ಪ ಹೊತ್ತಿಗೆ ನಿಂತಿರುತ್ತಿತ್ತು. ಹೊರಗಿನವರ ಪಾಲಿಗೆ ಅದು ಎಂಜಿನ್ ಕೆಟ್ಟು ಆದ ಅಪಘಾತ. ಆದರೆ ಎಂಜಿನ್‌ನಲ್ಲಿ ಯಾವ ದೋಷವೂ ಇರಲಿಲ್ಲ. ನೋಡಿದ್ದೇನೆ ಎಂದುಕೊಂಡು ನೋಡದೆ ಇದ್ದವನು ನಾನು.

ಇಂಧನ ಮುಗಿದು ಬೀಳುವ ವಿಮಾನಗಳ ಕಥೆ ಇದಕ್ಕಿಂತ ಸರಳ, ಅಷ್ಟೇ ದುಃಖಕರ. ಸಣ್ಣ ವಿಮಾನಗಳ ಇಂಧನ ಮಾಪಕದ ಮುಳ್ಳನ್ನು ನಂಬಬಾರದೆಂಬುದು ಎಲ್ಲರಿಗೂ ಗೊತ್ತು. ಆದ್ದರಿಂದಲೇ ಟ್ಯಾಂಕಿಗೆ ಅಳತೆಕೋಲು ಇಳಿಸಿ ನೋಡಬೇಕು, ಗಂಟೆಗೆ ಎಷ್ಟು ಲೀಟರ್ ಉರಿಯುತ್ತದೆಂದು ಲೆಕ್ಕ ಹಾಕಬೇಕು, ಗಡಿಯಾರ ನೋಡುತ್ತಿರಬೇಕು. ಎದುರುಗಾಳಿ ಅಂದುಕೊಂಡದ್ದಕ್ಕಿಂತ ಜೋರಾಗಿದ್ದರೆ ನಡುವೆ ಇಳಿದು ತುಂಬಿಸಿಕೊಳ್ಳಬೇಕು, ಅಷ್ಟೆ. ಇನ್ನೊಂದು ಬಗೆಯಲ್ಲಿ ಒಂದು ಟ್ಯಾಂಕಿನಲ್ಲಿ ಇಂಧನ ಉಳಿದಿರುತ್ತದೆ, ಎಂಜಿನ್‌ಗೆ ತಲುಪುತ್ತಿರುವುದು ಮಾತ್ರ ಖಾಲಿಯಾದ ಇನ್ನೊಂದು ಟ್ಯಾಂಕಿನಿಂದ. ಹಳೆಯ ಸ್ಕೂಟರ್‌ನಲ್ಲಿ ಪೆಟ್ರೋಲ್ ತೀರಿದಾಗ ಸೀಟಿನ ಕೆಳಗಿನ ನಾಬನ್ನು ರಿಸರ್ವ್‌ಗೆ ತಿರುಗಿಸುತ್ತಿದ್ದೆವಲ್ಲ, ಹಾಗೆ ಇಲ್ಲಿಯೂ ಟ್ಯಾಂಕ್ ಬದಲಿಸುವ ಒಂದು ಹಿಡಿ ಇರುತ್ತದೆ. ಅಮೆರಿಕದ ಗಾಯಕ ಜಾನ್ ಡೆನ್ವರ್ 1997ರ ಅಕ್ಟೋಬರ್ 12ರಂದು ಕ್ಯಾಲಿಫೋರ್ನಿಯಾದ ಮಾಂಟೆರೆ ಕೊಲ್ಲಿಯಲ್ಲಿ ಬಿದ್ದು ಸತ್ತದ್ದು ಇದರ ಸುತ್ತಲಿನ ಘಟನೆಯಲ್ಲೇ. ಅವರು ಹೊಸದಾಗಿ ಕೊಂಡಿದ್ದ, ಮನೆಯಲ್ಲೇ ಜೋಡಿಸಿ ತಯಾರಿಸಿದ ಲಾಂಗ್ ಈಝಿ ವಿಮಾನದಲ್ಲಿ ಆ ಹಿಡಿಯನ್ನು ಪೈಲಟ್‌ನ ಎಡಭುಜದ ಹಿಂದೆ ಇರಿಸಲಾಗಿತ್ತು. ಅದನ್ನು ತಿರುಗಿಸಲು ಹಿಂದಕ್ಕೆ ಹೊರಳಿದಾಗ ಬಲಗಾಲು ರಡರ್ ಪೆಡಲನ್ನು ಒತ್ತಿ, ವಿಮಾನ ಕೈತಪ್ಪಿತೆಂದು ತನಿಖೆ ಹೇಳಿತು. ಹೊರಡುವ ಮೊದಲು ಇಂಧನ ತುಂಬಿಸಿಕೊಂಡಿದ್ದರೆ ಗಾಳಿಯಲ್ಲಿ ಆ ಹಿಡಿಯನ್ನು ಮುಟ್ಟುವ ಪ್ರಸಂಗವೇ ಬರುತ್ತಿರಲಿಲ್ಲ.

ಎಂಜಿನ್ ನಿಲ್ಲಿಸುವ ಮತ್ತೊಂದು ವಸ್ತುವಿನ ಬಗ್ಗೆ ಹೇಳಿದರೆ ಬೆಂಗಳೂರಿನಲ್ಲಿ ಯಾರೂ ನಂಬುವುದಿಲ್ಲ. ಅದು ಮಂಜುಗಡ್ಡೆ. ಕಾರ್ಬ್ಯುರೇಟರ್‌ನ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಕಿರಿದಾದ ಗಂಟಲಿನಲ್ಲಿ ಗಾಳಿ ವೇಗವಾಗಿ ಹರಿಯುವಾಗ ಮತ್ತು ಪೆಟ್ರೋಲ್ ಆವಿಯಾಗುವಾಗ ಉಷ್ಣತೆ 30 ಡಿಗ್ರಿಗೂ ಹೆಚ್ಚು ಕುಸಿಯಬಲ್ಲದು. ಆದ್ದರಿಂದ ಹೊರಗೆ 21 ಡಿಗ್ರಿ ಇದ್ದು ಗಾಳಿಯಲ್ಲಿ ತೇವ ತುಂಬಿದ್ದರೆ ಆ ತೇವ ಒಳಗೆ ಹೆಪ್ಪುಗಟ್ಟಿ ಎಂಜಿನ್‌ನ ಉಸಿರು ಕಟ್ಟುತ್ತದೆ. ನಮ್ಮ ಜುಲೈ, ಆಗಸ್ಟ್ ತಿಂಗಳ ಜಿಟಿಜಿಟಿ ಮಳೆಯ ಬೆಳಗನ್ನು ಇದಕ್ಕಿಂತ ಚೆನ್ನಾಗಿ ವರ್ಣಿಸಲು ಸಾಧ್ಯವಿಲ್ಲ. ಥ್ರಾಟಲ್ ಇಳಿಸಿ ಕೆಳಗೆ ಬರುವಾಗ ಇದು ಹೆಚ್ಚು. ಎಕ್ಸಾಸ್ಟ್‌ನ ಶಾಖದಿಂದ ಬಿಸಿಯಾದ ಗಾಳಿಯನ್ನು ಒಳಬಿಡುವ ಒಂದು ಹಿಡಿಯನ್ನು ಎಳೆದರೆ ಗಡ್ಡೆ ಕರಗುತ್ತದೆ. ಆದರೆ ಕರಗಿದ ನೀರು ಎಂಜಿನ್ ಒಳಗೆ ಹೋಗುವ ಕೆಲವು ಕ್ಷಣ ಅದು ಮೊದಲಿಗಿಂತಲೂ ಕೆಟ್ಟದಾಗಿ ಕೆಮ್ಮುತ್ತದೆ. ಅನುಭವವಿಲ್ಲದವರು ಗಾಬರಿಯಾಗಿ ಹಿಡಿಯನ್ನು ಮರಳಿ ತಳ್ಳಿಬಿಡುತ್ತಾರೆ, ಮತ್ತು ಆಗ ನಿಜವಾಗಿಯೂ ಎಂಜಿನ್ ನಿಲ್ಲುತ್ತದೆ. ಬಿದ್ದ ವಿಮಾನವನ್ನು ಪರೀಕ್ಷಿಸುವ ಹೊತ್ತಿಗೆ ಗಡ್ಡೆ ಕರಗಿ ಹೋಗಿರುತ್ತದೆ, ಸಾಕ್ಷಿಯೂ ಉಳಿದಿರುವುದಿಲ್ಲ.

ನಾನು ಎಲ್ಲಕ್ಕಿಂತ ಹೆಚ್ಚು ಹೆದರುವುದು ಮೋಡಕ್ಕೆ. ಭಾನುವಾರ ನಸುಕಿನಲ್ಲಿ ಎದ್ದು ನಂದಿಬೆಟ್ಟಕ್ಕೆ ಹೋಗಿ, ಕಣಿವೆಯನ್ನು ತುಂಬಿದ ಬಿಳಿ ಮೋಡವನ್ನು ನೋಡಿ ಖುಷಿಪಡುವುದು ನಮ್ಮ ಊರಿನ ವಾಡಿಕೆ. ಆ ಬೆಟ್ಟದ ತುದಿ 4851 ಅಡಿ ಎತ್ತರದಲ್ಲಿದೆ, ಅಂದರೆ ಜಕ್ಕೂರಿನ ನೆಲದಿಂದ ಎರಡು ಸಾವಿರ ಅಡಿಯೂ ಮೇಲಿಲ್ಲ. ಅದೇ ಮೋಡದೊಳಗೆ ವಿಮಾನ ನುಗ್ಗಿತೆಂದರೆ ಒಳಗಿರುವವನಿಗೆ ಬೆಟ್ಟವೂ ಕಾಣುವುದಿಲ್ಲ, ನೆಲವೂ ಕಾಣುವುದಿಲ್ಲ, ತಾನು ನೇರವಾಗಿದ್ದೇನೆಯೇ ವಾಲಿದ್ದೇನೆಯೇ ಎಂಬುದೂ ತಿಳಿಯುವುದಿಲ್ಲ. ತಿಳಿಯುತ್ತದೆ ಎಂದು ಅನ್ನಿಸುವುದೇ ಇಲ್ಲಿನ ಮೋಸ. ನಮ್ಮ ಒಳಗಿವಿಯ ದ್ರವ ನಿಧಾನವಾದ ತಿರುವನ್ನು ಗ್ರಹಿಸಲಾರದು. ಸ್ವಲ್ಪ ಹೊತ್ತು ಒಂದೇ ಸಮನೆ ತಿರುಗುತ್ತಿದ್ದರೆ ನೇರವಾಗಿದ್ದೇವೆ ಎಂದೇ ಅದು ಹೇಳುತ್ತದೆ, ಸರಿಪಡಿಸಿ ನೇರ ಮಾಡಿದರೆ ಎದುರು ಬದಿಗೆ ವಾಲಿದ್ದೇವೆ ಎಂದು ಚೀರುತ್ತದೆ. ಚಿಕ್ಕಂದಿನಲ್ಲಿ ಅಂಗಳದಲ್ಲಿ ಗಿರಗಿರನೆ ತಿರುಗಿ ನಿಂತಾಗ ಭೂಮಿಯೇ ತಿರುಗುತ್ತಿದೆ ಎನ್ನಿಸುತ್ತಿತ್ತಲ್ಲ, ಅದೇ ದ್ರವದ ಕೆಲಸ. ವಾಲಿದ ವಿಮಾನದ ಮೂತಿ ತಗ್ಗುತ್ತದೆ, ವೇಗ ಏರುತ್ತದೆ, ಪೈಲಟ್ ಸ್ಟಿಕ್ಕನ್ನು ಎಳೆಯುತ್ತಾನೆ, ಎಳೆದಷ್ಟೂ ಸುರುಳಿ ಬಿಗಿಯಾಗುತ್ತದೆ.

ಇಲಿನಾಯ್ ವಿಶ್ವವಿದ್ಯಾಲಯದಲ್ಲಿ 1954ರಲ್ಲಿ ನಡೆದ ಪ್ರಯೋಗವೊಂದರಲ್ಲಿ, ಉಪಕರಣಗಳನ್ನು ಮಾತ್ರ ನೋಡಿ ಹಾರಿಸುವ ತರಬೇತಿ ಇಲ್ಲದ 20 ಮಂದಿಯನ್ನು ಹೊರಗಿನ ನೋಟ ಮರೆಮಾಡಿ ಹಾರಿಸಲಾಯಿತು. ಇಪ್ಪತ್ತು ಮಂದಿಯೂ ನಿಯಂತ್ರಣ ಕಳೆದುಕೊಂಡರು, ಅದಕ್ಕೆ ಹಿಡಿದ ಸರಾಸರಿ ಕಾಲ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ. ಅಮೆರಿಕದ ಮಾಜಿ ಅಧ್ಯಕ್ಷ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ 1999ರ ಜುಲೈ 16ರ ರಾತ್ರಿ ಹೆಂಡತಿ ಮತ್ತು ಅವರ ಅಕ್ಕನೊಂದಿಗೆ ಹೊರಟಾಗ ಆಕಾಶದಲ್ಲಿ ಬಿರುಗಾಳಿಯಾಗಲಿ ಗುಡುಗಾಗಲಿ ಇರಲಿಲ್ಲ. ಬರೀ ಮಬ್ಬಿತ್ತು, ಕೆಳಗೆ ಕಪ್ಪು ಸಮುದ್ರವಿತ್ತು, ದಿಗಂತದ ಗೆರೆ ಇರಲಿಲ್ಲ. ಮಾರ್ಥಾಸ್ ವಿನ್ಯಾರ್ಡ್ ದ್ವೀಪದ ಬಳಿ ಅವರ ಪೈಪರ್ ಸಾರಟೋಗಾ ಕಡಲಿಗೆ ಬಿದ್ದಿತು; ದಿಕ್ಕು-ಭಂಗಿಯ ಅರಿವು ತಪ್ಪಿದ್ದೇ ಕಾರಣವೆಂದು ವರದಿ ಬಂತು. ನಮ್ಮಲ್ಲಿ 2001ರ ಸೆಪ್ಟೆಂಬರ್ 30ರಂದು ಮಾಧವರಾವ್ ಸಿಂಧಿಯಾ ಅವರು ಕಾನ್ಪುರದ ಸಭೆಗೆ ಹೊರಟಿದ್ದ ಬೀಚ್‌ಕ್ರಾಫ್ಟ್ ಕಿಂಗ್ ಏರ್ ವಿಮಾನ ಕೆಟ್ಟ ಹವಾಮಾನದ ನಡುವೆ ಉತ್ತರಪ್ರದೇಶದ ಮೈನ್‌ಪುರಿ ಬಳಿ ಬಿದ್ದಿತು.

ಮೋಡವೆಂದು ಗೊತ್ತಿದ್ದೂ ಜನ ಏಕೆ ಹೋಗುತ್ತಾರೆ ಎಂಬುದು ನನಗೆ ತಿಳಿದದ್ದು ಒಂದು ನಾಮಕರಣದ ದಿನ. ಮೈಸೂರಿನಲ್ಲಿ ತಂಗಿಯ ಮಗುವಿಗೆ ಹೆಸರಿಡುವ ಕಾರ್ಯಕ್ರಮವಿತ್ತು. ನಾನು ವಿಮಾನದಲ್ಲಿ ಬರುತ್ತೇನೆಂದು ಎಲ್ಲರಿಗೂ ಹೇಳಿಯಾಗಿತ್ತು, ಸೋದರಮಾವ ಮಂಡಕಳ್ಳಿ ವಿಮಾನ ನಿಲ್ದಾಣದಲ್ಲಿ ಕಾರು ತಂದು ಕಾಯುತ್ತಿದ್ದರು, ಪಕ್ಕದ ಸೀಟಿನಲ್ಲಿ ಹೆಂಡತಿ ತೊಟ್ಟಿಲಿಗೆ ಕಟ್ಟಲು ತಂದ ಹೂವಿನ ಪೊಟ್ಟಣವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ರಾಮನಗರದ ಬಂಡೆಬೆಟ್ಟಗಳು ಕಾಣುವ ಹೊತ್ತಿಗೆ ಮೋಡದ ತಳ ಬೆಟ್ಟಗಳ ನೆತ್ತಿಗೆ ಇಳಿದಿತ್ತು. ನಡುವೆ ಒಂದು ಸಂದು ಕಾಣುತ್ತಿತ್ತು, ಅದರಾಚೆ ಬೆಳಕಿತ್ತು. ಇನ್ನೂರು ಅಡಿ ಇಳಿದರೆ ದಾಟಬಹುದು ಎಂದು ಒಮ್ಮೆ ಇಳಿದೆ, ಇನ್ನೊಂದು ಇನ್ನೂರು ಇಳಿದರೆ ಎಂದು ಮತ್ತೊಮ್ಮೆ ಯೋಚಿಸಿದೆ. ಹೆಂಡತಿ ಕೇಳಿದಳು: "ಇಷ್ಟು ಕೆಳಗೆ ಹೋಗೋದು ಮೊದಲೇ ಅಂದುಕೊಂಡಿದ್ರಾ?" ಅಂದುಕೊಂಡಿರಲಿಲ್ಲ. ವಿಮಾನವನ್ನು ತಿರುಗಿಸಿದೆ. ಮಧ್ಯಾಹ್ನದ ರೈಲು ಹಿಡಿದು ಹೋದಾಗ ಹೆಸರಿಟ್ಟಾಗಿತ್ತು, ಊಟದ ಕೊನೆಯ ಪಂಕ್ತಿ ನಡೆಯುತ್ತಿತ್ತು, ಮಾವ ಒಂದು ವಾರ ನನ್ನೊಡನೆ ಸರಿಯಾಗಿ ಮಾತನಾಡಲಿಲ್ಲ. ಕಾಯುತ್ತಿರುವ ಕಾರು, ಕಾಯುತ್ತಿರುವ ಸಭೆ, ಕೊಟ್ಟ ಮಾತು, ಸೋಮವಾರದ ಕಚೇರಿ ಇವು ಯಾವ ಅಪಘಾತ ವರದಿಯ ಕೊನೆಯ ಸಾಲಿನಲ್ಲೂ ಕಾರಣವೆಂದು ದಾಖಲಾಗುವುದು ಅಪರೂಪ. ಆದರೆ ಪೈಲಟ್‌ನ ಕೈಯನ್ನು ಹಿಡಿದು ಮೋಡದೊಳಗೆ ಎಳೆದುಕೊಂಡು ಹೋಗುವುದು ಅವೇ ಎಂದು ನಾನು ನಂಬುತ್ತೇನೆ.

ಉಳಿದ ಕಾರಣಗಳನ್ನು ಬೇಗ ಹೇಳುತ್ತೇನೆ. ಎಣಿಕೆಯಲ್ಲಿ ಅತಿ ಹೆಚ್ಚು ಅಪಘಾತಗಳು ನಡೆಯುವುದು ಇಳಿಯುವಾಗ. ಅಡ್ಡಗಾಳಿಗೆ ರನ್‌ವೇಯಿಂದ ಜಾರುವುದು, ನೆಲಕ್ಕೆ ಬಡಿದು ಪುಟಿದು ಮೂತಿಯ ಚಕ್ರ ಮುರಿಯುವುದು ಇತ್ಯಾದಿ. ವೇಗ ಕಡಿಮೆ ಇರುವುದರಿಂದ ಇವುಗಳಲ್ಲಿ ಸಾವು ಕಡಿಮೆ. ಪರಿಚಿತರ ಮನೆಯ ಮೇಲೆ ತಗ್ಗಿನಲ್ಲಿ ಹಾರುವುದು, ಕಸರತ್ತು ತೋರಿಸುವುದು ಹಾಗಲ್ಲ. 1980ರ ಜೂನ್ 23ರಂದು ದೆಹಲಿಯಲ್ಲಿ ಸಂಜಯ್ ಗಾಂಧಿ ಅವರ ಪಿಟ್ಸ್ ಎಸ್-2ಎ ವಿಮಾನ ಬಿದ್ದದ್ದು ಕಡಿಮೆ ಎತ್ತರದ ಕಸರತ್ತಿನ ನಡುವೆಯೇ. ಇನ್ನು ಹಕ್ಕಿಗಳು. ಏರೋ ಇಂಡಿಯಾ ನಡೆಯುವಾಗ ಯಲಹಂಕದ ಸುತ್ತಮುತ್ತ ಮಾಂಸದಂಗಡಿಗಳನ್ನು ಮುಚ್ಚಿಸುವುದು ಕಸದ ಮೇಲೆ ಸುಳಿಯುವ ಹದ್ದುಗಳಿಗಾಗಿ. ಆ ಹದ್ದುಗಳು ವರ್ಷದ ಉಳಿದ ದಿನಗಳಲ್ಲಿಯೂ ಅಲ್ಲೇ ಇರುತ್ತವೆ, ಸಣ್ಣ ವಿಮಾನದ ಗಾಜು ಒಡೆಯಲು ಒಂದು ಸಾಕು.

ನಿರ್ವಹಣೆಯ ಲೋಪದಿಂದ ಆಗುವ ಅಪಘಾತಗಳೂ ಇವೆ, ಅವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಗಾಳಿಗೆ ಅಲುಗಾಡದಿರಲೆಂದು ನಿಲ್ಲಿಸಿದ ವಿಮಾನದ ರೆಕ್ಕೆ-ಬಾಲದ ಫಲಕಗಳಿಗೆ ಹಾಕುವ ಬೀಗವನ್ನು ತೆಗೆಯಲು ಮರೆತು ಹೊರಟವರು ಇಂದಿಗೂ ಇದ್ದಾರೆ. 1935ರ ಅಕ್ಟೋಬರ್ 30ರಂದು ಬೋಯಿಂಗ್ ಕಂಪನಿಯ ಮಾಡೆಲ್ 299 ಎಂಬ ದೊಡ್ಡ ಬಾಂಬರ್ ಇದೇ ಮರೆವಿನಿಂದ ಬಿದ್ದ ಮೇಲೆ ಪೈಲಟ್‌ಗಳ ಕೈಗೆ ಬರೆದ ಚೆಕ್‌ಲಿಸ್ಟ್ ಬಂತು. ಅದನ್ನು ಹಾರಿಸುತ್ತಿದ್ದವರು ಅಂದಿನ ಅತ್ಯಂತ ನುರಿತ ಪೈಲಟ್‌ಗಳು. ರಿಪೇರಿಯಾಗಿ ಬಂದ ವಿಮಾನದ ಮೊದಲ ಹಾರಾಟಕ್ಕೆ ಯಾರನ್ನೂ ಜೊತೆಗೆ ಕೂರಿಸಿಕೊಳ್ಳಬಾರದೆಂದು ನನಗೆ ಹೇಳಿಕೊಟ್ಟವರು ಆ ಮುಚ್ಚಳದ ವಾಷರ್ ಬದಲಿಸಿದ ಮೆಕ್ಯಾನಿಕ್ಕೇ.

ಕೊನೆಗೆ ರಾಯರ ಪ್ರಶ್ನೆಗೆ ಮರಳಬೇಕು, ಏಕೆಂದರೆ ಎಂಜಿನ್ ಕೆಲವೊಮ್ಮೆ ನಿಜವಾಗಿಯೂ ನಿಲ್ಲುತ್ತದೆ. ಮೇಲೇರಿದ ಕೂಡಲೇ, ಮುನ್ನೂರು ನಾನೂರು ಅಡಿಯಲ್ಲಿ ನಿಂತರೆ ಮನಸ್ಸು ಹಿಂದಿರುವ ರನ್‌ವೇಯನ್ನು ನೆನೆಯುತ್ತದೆ. ಆದರೆ ಹಿಂದಿರುಗುವುದೆಂದರೆ ಅರ್ಧ ಸುತ್ತಲ್ಲ. ರನ್‌ವೇಯ ನೇರಕ್ಕೆ ಬರಲು ಅದಕ್ಕಿಂತ ಹೆಚ್ಚು ತಿರುಗಬೇಕು, ತಿರುಗಿದಷ್ಟೂ ಎತ್ತರ ಕರಗುತ್ತದೆ, ವೇಗ ಕುಗ್ಗುತ್ತದೆ, ಕೊನೆಗೆ ಅದೇ ಸ್ಟಾಲ್. ಆದ್ದರಿಂದ ಮೂತಿಯನ್ನು ಕೂಡಲೇ ಇಳಿಸಿ, ಎದುರಿಗೆ ಸ್ವಲ್ಪ ಎಡಬಲದಲ್ಲಿ ಸಿಕ್ಕ ಬಯಲಿನಲ್ಲಿ ರೆಕ್ಕೆ ಸಮವಾಗಿಟ್ಟು ಇಳಿಯಬೇಕೆಂದು ಕಲಿಸುತ್ತಾರೆ. ವಿಮಾನ ಹಾಳಾದರೂ ಜೀವ ಉಳಿಯುವ ಸಾಧ್ಯತೆ ಹಾಗೆ ಹೆಚ್ಚು. ನಾನು ಕಲಿಯುವಾಗ ಬೋಧಕರು ಪ್ರತಿ ಸಲ ರನ್‌ವೇಯ ತುದಿಯಲ್ಲಿ ನಿಲ್ಲಿಸಿ, "ಈಗ ನಿಂತರೆ ಎಲ್ಲಿ ಇಳಿಯುತ್ತೀರಿ, ತೋರಿಸಿ" ಎಂದು ಕೇಳುತ್ತಿದ್ದರು, ನಾನು ಬೆರಳು ಮಾಡಿ ರಾಗಿ ಹೊಲಗಳನ್ನು ತೋರಿಸುತ್ತಿದ್ದೆ.

ಮೊನ್ನೆ ರಾಯರನ್ನು ಕರೆದುಕೊಂಡು ಜಕ್ಕೂರು ಕೆರೆಯ ಏರಿಯ ಮೇಲೆ ನಡೆಯುತ್ತಿದ್ದಾಗ ಒಂದು ವಿಮಾನ ತಲೆಯ ಮೇಲೆ ಹಾದುಹೋಯಿತು. ಅವರು ಕೇಳುವ ಮೊದಲೇ ನಾನು ಸುತ್ತ ನೋಡಿ ಬಯಲುಗಳನ್ನು ಎಣಿಸತೊಡಗಿದೆ. ಒಂದು ಕಡೆ ಅಪಾರ್ಟ್‌ಮೆಂಟ್‌ಗಳ ಸಾಲು, ಇನ್ನೊಂದು ಕಡೆ ಬಳ್ಳಾರಿ ರಸ್ತೆಯ ಮೇಲ್ಸೇತುವೆ, ಅದರಾಚೆ ಜಿಕೆವಿಕೆಯ ಮರಗಳು ಮತ್ತು ಪ್ರಯೋಗದ ಹೊಲಗಳು, ನಮ್ಮ ಕಾಲಬುಡದಲ್ಲಿ ಕೆರೆ. "ಕೆರೆ, ಮತ್ತೆ ಆ ಹೊಲ" ಎಂದೆ. ರಾಯರು ಸ್ವಲ್ಪ ಹೊತ್ತು ನನ್ನ ಬೆರಳಿನ ಗುರಿಯನ್ನೇ ನೋಡಿ, "ಅಷ್ಟೇನಾ?" ಎಂದು ಕೇಳಿದರು. ವಿಮಾನ ಆ ಹೊತ್ತಿಗೆ ಎಡಕ್ಕೆ ತಿರುಗಿ, ಇನ್ನೊಂದು ಸುತ್ತಿಗೆ ಏರುತ್ತಿತ್ತು.